ಜೋಲುಕಿವಿಯ ಮೊಲದ ಕಿವಿಯಲ್ಲಿ ಮೇಣ
ನಿಮ್ಮ ಜೋಲುಕಿವಿಯ ಮೊಲ ಪದೇಪದೇ ತಲೆ ಕೊಡವಿ ಕಿವಿ ಕೆರೆದುಕೊಳ್ಳುತ್ತಿದೆ, ಹತ್ತಿಕಡ್ಡಿಯಿಂದ ಮೇಣ ತೆಗೆಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಈ ತಳಿಗಳಲ್ಲಿ ಕಿವಿ ಕೆಳಕ್ಕೆ ಮಡಿಚಿಕೊಳ್ಳುವ ಬುಡದಲ್ಲಿ ನಾಳ ಕಿರಿದಾಗಿರುವುದರಿಂದ, ನೆಟ್ಟಗಿನ ಕಿವಿಯ ಮೊಲಗಳಲ್ಲಿ ತಾನಾಗಿಯೇ ಹೊರಬರುವ ಮೇಣ ಇಲ್ಲಿ ಒಳಗೇ ಶೇಖರಗೊಳ್ಳುತ್ತದೆ, ಕಡ್ಡಿಯು ಅದನ್ನು ಇನ್ನಷ್ಟು ಆಳಕ್ಕೆ ತಳ್ಳುತ್ತದೆ. ಮೊಲಗಳ ಚಿಕಿತ್ಸೆಯನ್ನು ಬಲ್ಲ ಪಶುವೈದ್ಯರು ಒಳಗನ್ನು ಪರೀಕ್ಷಿಸಿ, ಅದು ಬರಿಯ ಮೇಣವೋ, ನುಸಿಯ ಬಾಧೆಯೋ, ಸೋಂಕೋ ಎಂದು ನಿರ್ಧರಿಸಿದ ಮೇಲಷ್ಟೇ ಔಷಧ ಹಾಕುವುದು ಕ್ಷೇಮ. ಕಿವಿಯ ಬುಡ ಊದಿದ್ದರೆ ಅಥವಾ ತಲೆ ಒಂದು ಬದಿಗೆ ವಾಲಿದ್ದರೆ ಇಂದೇ ಕರೆದೊಯ್ಯಿರಿ. ಒಂದನ್ನು ಒತ್ತಿ ಹೇಳುತ್ತೇನೆ: ನೋವಿರುವ ಮೊಲ ಹುಲ್ಲು ತಿನ್ನುವುದನ್ನೇ ನಿಲ್ಲಿಸಬಹುದು; 12 ಗಂಟೆ ಏನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಇದ್ದರೆ ಕರುಳಿನ ಚಲನೆ ನಿಂತಿರುವ ಸಾಧ್ಯತೆಯಿದ್ದು, ಅದು ಕಿವಿಯ ತೊಂದರೆಗಿಂತಲೂ ತುರ್ತಾದ, ಪ್ರಾಣಕ್ಕೇ ಎರವಾಗಬಲ್ಲ ಸ್ಥಿತಿ.