ಹೊಸ ಗ್ಯಾರಂಡ್ ತಗೊಳ್ಳಲಾ ಅಂತ ಕೇಳಿದ ಕೊಪ್ಪದ ತಮ್ಮನಿಗೆ

ತಮ್ಮಾ, ನೀನು ಬರೆದಿದ್ದು ಪೂರ್ತಿ ಓದಿದೆ. ಕೊಪ್ಪದ ಕಡೆಯವನು, ಎಚ್1ಬಿ ಕೆಲಸದ ವೀಸಾ ಮೇಲೆ ಒಹಾಯೋದ ಕೊಲಂಬಸ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಊರಲ್ಲಿ ಅಜ್ಜನ ಕಾಲದಿಂದ ಬೆಳೆ ರಕ್ಷಣೆ ಲೈಸೆನ್ಸಿನ ಕೋವಿ ಇದೆ, ಇಲ್ಲಿ ಅಂಗಡೀಲಿ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಬಳಸಿದ ಎಂ1 ಗ್ಯಾರಂಡ್ ರೈಫಲ್ಲು, ಅದಕ್ಕಿಂತ ಹಗುರದ ಎಂ1 ಕಾರ್ಬೈನು ಹೊಸದಾಗಿ ಮಾಡಿ ಮಾರ್ತಿರೋದು ನೋಡಿ ಆಸೆ ಆಗಿದೆ, ಹೊಸದು ತಗೊಳ್ಳೋದಾ ಹಳೇದು ಹುಡುಕೋದಾ, ಹೊಸದರ ಕ್ವಾಲಿಟಿ ಹೆಂಗೆ ತಿಳ್ಕೊಳ್ಳೋದು, ಊರಿಗೆ ಒಯ್ಯಬಹುದಾ ಅಂತ ಕೇಳಿದೀಯ, ಅದರ ಮಧ್ಯದಲ್ಲೇ ಚಳಿಗೆ ಯಾವ ಜಾಕೆಟ್ಟು ಅಂತಾನೂ ಕೇಳಿದೀಯ.

ನಾನು ಬಂದ ಹೊಸದರಲ್ಲಿ ಸ್ನೋ ಬೂಟು ತಗೊಳ್ಳೋಕೆ ಅಂತ ಒಂದು ದೊಡ್ಡ ಅಂಗಡಿಗೆ ಹೋಗಿದ್ದೆ. ಟೆಂಟು, ಮೀನು ಹಿಡಿಯೋ ಗಾಳದ ಸಾಲು ದಾಟಿದ್ರೆ ಗೋಡೆ ತುಂಬ ರೈಫಲ್ಲು, ಒಬ್ಬ ಮುದುಕ ಒಂದನ್ನ ಕೈಗೆ ತಗೊಂಡು ಬೋಲ್ಟ್, ಅಂದ್ರೆ ನಳಿಗೆಯ ಹಿಂಬದಿ ಮುಚ್ಚೋ ಉಕ್ಕಿನ ತುಂಡು, ಎಳೆದು ಎಳೆದು ನೋಡ್ತಿದ್ದ, ಅಂಗಡಿ ಹುಡುಗ ಆರಾಮಾಗಿ ಪಕ್ಕದಲ್ಲಿ ನಿಂತಿದ್ದ. ಎಲೆಕ್ಷನ್ ಬಂತು ಅಂದ್ರೆ ಕೋವಿನ ಗೋಣೀಲಿ ಸುತ್ತಿ ಸ್ಟೇಷನ್‌ಗೆ ಕೊಟ್ಟು ರಸೀದಿ ಇಸ್ಕೊಂಡು ಬರೋ ಮನೆಯವನಿಗೆ ಅದನ್ನ ನೋಡಿ ಹೆಂಗಾಗಿರುತ್ತೆ ಅಂತ ನಿಂಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಕಾನೂನು, ಇದನ್ನ ಎರಡು ಸಲ ಓದ್ಕೋ. ಎಚ್1ಬಿ ಅಂದ್ರೆ ನಾನ್‌ಇಮಿಗ್ರಂಟ್ ವೀಸಾ. ಆ ವೀಸಾದಲ್ಲಿರೋನು ಇಲ್ಲಿನ ಫೆಡರಲ್ ಕಾನೂನಿನ ಪ್ರಕಾರ ರೈಫಲ್ಲು ಬಿಡು, ಒಂದು ತೋಟಾನೂ ಇಟ್ಕೊಳ್ಳೋ ಹಾಗಿಲ್ಲ. ಅದಕ್ಕೆ ಕೆಲವು ವಿನಾಯಿತಿ ಇದಾವೆ, ನಮ್ಮಂಥೋರಿಗೆ ಉಪಯೋಗಕ್ಕೆ ಬರೋದು ಒಂದೇ, ಇಲ್ಲಿನ ಯಾವುದಾದ್ರೂ ರಾಜ್ಯದ ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸು. ಅದಕ್ಕೆ ಹಂಟರ್ ಎಜುಕೇಶನ್ ಕೋರ್ಸ್ ಇರುತ್ತೆ, ಮಾಡ್ಕೋ. ಲೈಸೆನ್ಸ್ ಮುಗಿದ ದಿನ ವಿನಾಯಿತಿನೂ ಮುಗೀತು ಅಂತ ತಿಳ್ಕೋ, ಆಮೇಲೆ ಮನೇಲಿಟ್ಕೊಂಡ್ರೆ ಅದೇ ಅಪರಾಧ. ಆಫೀಸಿನ ಫ್ರೆಂಡ್ ಜೊತೆ ರೇಂಜ್‌ಗೆ ಹೋಗಿ ಬಾಡಿಗೆ ರೈಫಲ್ ಹಿಡಿಯೋಕೂ ಇದೇ ಲೆಕ್ಕ, ಎಷ್ಟೋ ಹುಡುಗರಿಗೆ ಇದು ಗೊತ್ತಿಲ್ಲ, ಹೊಡೆದು ಫೋಟೋನೂ ಹಾಕ್ಕೋತಾರೆ. ಗ್ರೀನ್ ಕಾರ್ಡ್ ಆದ್ಮೇಲೆ ಈ ತೊಂದರೆ ಇಲ್ಲ. ಒಬ್ಬ ಇಮಿಗ್ರೇಶನ್ ವಕೀಲರನ್ನ ಕೇಳಿಯೇ ಮುಂದುವರಿ, ಒಂದು ರೈಫಲ್‌ಗೋಸ್ಕರ ವೀಸಾ ಕಳ್ಕೊಳ್ಳಬೇಡ.

ಜಾಕೆಟ್ಟು ಉದ್ದದ್ದು, ಮಂಡಿ ಮುಚ್ಚೋ ಹಾಗಿರೋದು ತಗೋ. ಅಕ್ಕಿ, ಉಪ್ಪಿನಕಾಯಿ ಎಲ್ಲ ಇಂಡಿಯನ್ ಸ್ಟೋರ್‌ನಲ್ಲಿ ಸಿಗುತ್ತೆ.

ಈಗ ರೈಫಲ್ ವಿಷಯ. ಹೆಸರು ನೋಡಿ ನಂಬಬೇಡ. ಮ್ಯಾಸಚೂಸೆಟ್ಸ್‌ನಲ್ಲಿ ಸರ್ಕಾರದ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಅಂತ ಇತ್ತು, ಈ ರೈಫಲ್ ಡಿಸೈನ್ ಮಾಡಿದ ಜಾನ್ ಗ್ಯಾರಂಡ್ ಕೆಲಸ ಮಾಡಿದ್ದು ಅಲ್ಲೇ, 1936ರಲ್ಲಿ ಸೇನೆ ಒಪ್ಪಿಕೊಂಡ ಎಂ1 ತಯಾರಾಗಿದ್ದೂ ಅಲ್ಲೇ. ಅದನ್ನ 1968ರಲ್ಲಿ ಮುಚ್ಚಿದ್ರು, ಈಗ ಮ್ಯೂಸಿಯಂ. ಇವತ್ತು ಅದೇ ಹೆಸರಲ್ಲಿ ಗ್ಯಾರಂಡ್ ಆದ್ಮೇಲೆ ಸೇನೆಗೆ ಬಂದ ಎಂ14 ರೈಫಲ್ಲಿನ ಸಿವಿಲಿಯನ್ ರೂಪ ಎಂ1ಎ ಮಾಡೋದು ಇಲಿನಾಯ್‌ನ ಖಾಸಗಿ ಕಂಪನಿ, ಹಳೇ ಸರ್ಕಾರಿ ಕಾರ್ಖಾನೆಗೂ ಅದಕ್ಕೂ ಹೆಸರೊಂದು ಬಿಟ್ಟು ಸಂಬಂಧ ಇಲ್ಲ. ಅವರ ರೈಫಲ್ ಕೆಟ್ಟದ್ದು ಅಂತ ಅಲ್ಲ, ಮ್ಯಾಚ್‌ಗಳಲ್ಲಿ ಎಷ್ಟೋ ವರ್ಷದಿಂದ ಜನ ಅದರಲ್ಲೇ ಹೊಡೀತಿದಾರೆ. ಆದ್ರೆ ನೀನು ದುಡ್ಡು ಕೊಡ್ತಿರೋದು ಯಾವುದಕ್ಕೆ ಅಂತ ಗೊತ್ತಿರಲಿ.

ಎರಡನೇದು, ಅಂಗಡೀಲಿ ಎಲ್ಲರೂ ಹೇಳೋ ಮಾತು, ಹಳೇದು ಫೋರ್ಜಿಂಗು, ಹೊಸದು ಎರಕ, ಹಂಗಾಗಿ ಹಳೇದೇ ಒಳ್ಳೇದು ಅಂತ. ಅರ್ಧ ಸತ್ಯ. ಸೇನೆಯ ಗ್ಯಾರಂಡು, ಎಂ14ಗಳ ರಿಸೀವರು, ಅಂದ್ರೆ ಬೋಲ್ಟು ನಳಿಗೆ ಎಲ್ಲ ಕೂರೋ ಮುಖ್ಯ ಭಾಗ, ಬಡಿದು ಮಾಡಿದ್ದು, ಎಂ1ಎ ರಿಸೀವರು 8620 ಅನ್ನೋ ಉಕ್ಕಿನ ಎರಕ, ಇದು ನಿಜ. ಆದ್ರೆ ನಮ್ಮೂರ ಆಚಾರಿ ಬಡಿದ ಕತ್ತಿ ಇದ್ದ ಹಾಗೆ, ಎಷ್ಟು ಬಡಿದ ಅನ್ನೋದಕ್ಕಿಂತ ಎಷ್ಟು ಕಾಯಿಸಿ ಹೆಂಗೆ ತಣಿಸಿದ ಅನ್ನೋದೇ ಮುಖ್ಯ. ಇದಕ್ಕೆ ಹಳೇ ಕಾಲದ್ದೇ ಒಂದು ಉದಾಹರಣೆ ಕೇಳು. 1903ರ ಮಾಡೆಲ್ ಸ್ಪ್ರಿಂಗ್‌ಫೀಲ್ಡ್ ರೈಫಲ್ ಇದೆಯಲ್ಲ, ಅದನ್ನ ಸರ್ಕಾರಿ ಕಾರ್ಖಾನೆಯಲ್ಲೇ ಒಳ್ಳೇ ಕೆಲಸಗಾರರು ಮಾಡಿದ್ದು, ಆದ್ರೂ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮಾಡಿದವುಗಳಲ್ಲಿ ಸೀರಿಯಲ್ ನಂಬರ್ 8,00,000ಕ್ಕಿಂತ ಕೆಳಗಿರೋದರಲ್ಲಿ ಹೊಡೀಬೇಡಿ ಅಂತ ತಿಳಿದೋರು ಇವತ್ತಿಗೂ ಹೇಳ್ತಾರೆ. ಯಾಕಂದ್ರೆ ಕುಲುಮೆಯಲ್ಲಿ ಕಾದ ಉಕ್ಕಿನ ಬಣ್ಣವನ್ನ ಕಣ್ಣಲ್ಲೇ ನೋಡಿ ಶಾಖ ಅಂದಾಜು ಮಾಡ್ತಿದ್ರು, ಬಿಸಿಲು ಜೋರಿದ್ದ ದಿನ ಬೆಳಕಿಗೆ ಆ ಕೆಂಪು ಮಂಕಾಗಿ ಕಂಡು ಇನ್ನೂ ಕಾದಿಲ್ಲ ಅಂತ ಜಾಸ್ತಿ ಕಾಯಿಸಿಬಿಡ್ತಿದ್ರು, ಉಕ್ಕು ಸುಟ್ಟು ಪೆಡಸಾಗಿ ಹೋಗ್ತಿತ್ತು. ಕೆಲವು ರಿಸೀವರ್ ಒಡೆದು ಜನಕ್ಕೆ ಏಟಾದ ಮೇಲೆ 1918ರಲ್ಲಿ ಹೀಟ್ ಟ್ರೀಟ್‌ಮೆಂಟ್ ಬದಲಾಯಿಸಿದ್ರು. ಹೊರಗಿಂದ ನೋಡಿದ್ರೆ ಒಳ್ಳೇದೂ ಸುಟ್ಟಿದ್ದೂ ಒಂದೇ ಥರ ಕಾಣುತ್ತೆ. ಹಳೇದು ಅಂದ ಮಾತ್ರಕ್ಕೆ ಕಣ್ಮುಚ್ಚಿ ನಂಬೋರಿಗೆ ನಾನು ಯಾವಾಗ್ಲೂ ಇದನ್ನೇ ಹೇಳೋದು. ಹಳೇ ಗ್ಯಾರಂಡ್‌ಗಳಲ್ಲೂ ಇನ್ನೊಂದು ಥರದ ಮೋಸ ಇದೆ, ಸೇನೆ ಗ್ಯಾಸಿನಲ್ಲಿ ಕೊಯ್ದು ಗುಜರಿಗೆ ಹಾಕಿದ ರಿಸೀವರ್ ತುಂಡುಗಳನ್ನ ತಂದು ವೆಲ್ಡ್ ಮಾಡಿ ಮಾರಿದ್ದಾರೆ, ಮಧ್ಯದಲ್ಲಿ ಉಜ್ಜಿದ ಗುರುತು, ಬಣ್ಣದಲ್ಲಿ ಒಂದು ಗೆರೆಯಷ್ಟು ವ್ಯತ್ಯಾಸ ಕಂಡ್ರೆ ಕೆಳಗಿಟ್ಟು ಬಾ.

ಹಂಗಾದ್ರೆ ಹೊಸದನ್ನ ಯಾವುದರಿಂದ ಅಳೆಯೋದು? ನನ್ನ ಪ್ರಕಾರ ಒಂದೇ ಅಳತೆ, ಸೇನೆಯ ಹಳೇ ಪಾರ್ಟು ಅದರಲ್ಲಿ ಉಜ್ಜದೆ ಕೂರುತ್ತಾ ಇಲ್ವಾ. ಎಂ1 ಕಾರ್ಬೈನ್ ಯುದ್ಧಕಾಲದಲ್ಲಿ 60 ಲಕ್ಷಕ್ಕೂ ಮೇಲೆ ಮಾಡಿದ್ರು. ಮಾಡಿದ್ದು ಯಾರು ಗೊತ್ತಾ, ಜನರಲ್ ಮೋಟಾರ್ಸ್‌ನ ಒಂದು ವಿಭಾಗ, ಟೈಪ್‌ರೈಟರ್ ಮಾಡೋ ಅಂಡರ್‌ವುಡ್ಡು, ಜೂಕ್‌ಬಾಕ್ಸ್ ಮಾಡೋ ರಾಕ್‌ಓಲಾ, ಐಬಿಎಂ ಕೂಡ. ಅದರಲ್ಲಿ ಎಷ್ಟೋ ಕಂಪನಿಗಳು ಅದಕ್ಕೆ ಮುಂಚೆ ಕೋವಿನೇ ಮಾಡಿರಲಿಲ್ಲ, ಆದ್ರೂ ಒಬ್ಬರ ಬೋಲ್ಟು ಇನ್ನೊಬ್ಬರ ರಿಸೀವರ್‌ನಲ್ಲಿ ಕೂರ್ತಿತ್ತು, ಯಾಕಂದ್ರೆ ಡ್ರಾಯಿಂಗು ಒಂದೇ, ಅಳತೆ ನೋಡೋ ಗೇಜು ಒಂದೇ, ಸರ್ಕಾರದ ಇನ್‌ಸ್ಪೆಕ್ಟರ್ ತಲೆ ಮೇಲೆ ನಿಂತಿರ್ತಿದ್ದ. ಯುದ್ಧ ಮುಗಿದ ಮೇಲೆ ಬಂದ ಕೆಲವು ಖಾಸಗಿ ಕಾರ್ಬೈನ್‌ಗಳಲ್ಲಿ ಖರ್ಚು ಉಳಿಸೋಕೆ ಒಳಗಿನ ಡಿಸೈನೇ ಬದಲಾಯಿಸಿದ್ರು, ಹೊರಗಿಂದ ಅದೇ ಕಾರ್ಬೈನು, ಒಳಗೆ ಸೇನೆಯ ಎಷ್ಟೋ ಪಾರ್ಟ್ ಸೇರಲ್ಲ, ಏನಾದ್ರೂ ಮುರೀತು ಅಂದ್ರೆ ಅಲ್ಲಿಗೆ ಮುಗೀತು.

ನಂಗೆ ಇದೆಲ್ಲ ಹೇಳ್ಕೊಟ್ಟಿದ್ದು ನಮ್ಮ ಚಿಕ್ಕಪ್ಪ. ನಮ್ಮ ಸೇನೆಯ ರಿಪೇರಿ ವಿಭಾಗ ಇಎಂಇಯಲ್ಲಿ ಕೋವಿ ರಿಪೇರಿ ಮಾಡೋ ಆರ್ಮರರ್ ಆಗಿದ್ದು ಹವಾಲ್ದಾರಾಗಿ ರಿಟೈರ್ ಆದವರು, ತ್ರೀ ನಾಟ್ ತ್ರೀ, ಇಶಾಪುರದ 7.62, ಎಸ್‌ಎಲ್‌ಆರ್ ಎಲ್ಲ ಬಿಚ್ಚಿ ಜೋಡಿಸಿದ ಕೈ ಅದು. ರೈಫಲ್ ಕೈಗೆ ಬಂದ್ರೆ ಮೊದಲು ಬೋಲ್ಟಿನ ನಂಬರು, ಬಾಡಿ ನಂಬರು ಒಂದೇನಾ ನೋಡು ಅಂತಿದ್ರು, ಯಾಕಂದ್ರೆ ಲೀ ಎನ್‌ಫೀಲ್ಡ್‌ನಲ್ಲಿ, ಅಂದ್ರೆ ಅದೇ ತ್ರೀ ನಾಟ್ ತ್ರೀಯಲ್ಲಿ, ಬೋಲ್ಟನ್ನ ಆಯಾ ರೈಫಲ್‌ಗೇ ಕೂರಿಸಿರ್ತಾರೆ, ಅದಲು ಬದಲು ಆದ್ರೆ ಹೆಡ್‌ಸ್ಪೇಸ್, ಅಂದ್ರೆ ಬೋಲ್ಟಿನ ಮುಖಕ್ಕೂ ತೋಟಾ ಹೋಗಿ ನಿಲ್ಲೋ ಜಾಗಕ್ಕೂ ಇರೋ ದೂರ, ಕೆಡುತ್ತೆ. ಅವರು ನನ್ನ ಹತ್ರ ಒಹಾಯೋಗೆ ಬಂದಾಗ ನಾನು ಹೊಸದಾಗಿ ಮಾಡಿದ ಒಂದು ಕಾರ್ಬೈನ್ ತಗೊಂಡಿದ್ದೆ, ಯಾವ ಕಂಪನಿ ಅನ್ನೋದು ಬೇಡ. ಅವರ ಕೈಗೆ ಕೊಡಬೇಕು ಅಂತ ಕಾದಿದ್ದೆ, ಆದ್ರೆ ವಿಸಿಟರ್ ವೀಸಾ, ಅದೂ ನಾನ್‌ಇಮಿಗ್ರಂಟ್ ವೀಸಾನೇ, ಅದೇ ಕಾನೂನು. ಹೇಳಿದ ತಕ್ಷಣ ಚಿಕ್ಕಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡ್ರು. ಕಾನೂನು ಅಂದ್ಮೇಲೆ ಕಾನೂನು, ನೀನೇ ಬಿಚ್ಚು, ನಾನು ನೋಡ್ತೀನಿ ಅಂದ್ರು.

ಅಡುಗೆಮನೆ ಟೇಬಲ್ ಮೇಲೆ ಹಳೇ ಪಂಚೆ ಹಾಸಿ ಬಿಚ್ಚಿದೆ. ಕಿಟಕಿ ಬೆಳಕಿಗೆ ಬೋಲ್ಟನ್ನ ತಿರುಗಿಸು ಅಂದ್ರು. ಬೋಲ್ಟಿನ ಮೂತಿ ಹತ್ರ ಎಡಕ್ಕೊಂದು ಬಲಕ್ಕೊಂದು ಲಾಕಿಂಗ್ ಲಗ್ ಇರುತ್ತೆ, ಗುಂಡು ಸಿಡಿದಾಗ ಹಿಂದಕ್ಕೆ ತಳ್ಳೋ ಏಟನ್ನ ತಡೆಯೋದು ಆ ಎರಡೇ. ಹೊಸ ರೈಫಲ್ಲಾದ್ರಿಂದ ಪಾರ್ಕರೈಸಿಂಗ್ ಅನ್ನೋ ಬೂದಿ ಬಣ್ಣದ ಲೇಪ ಇನ್ನೂ ಪೂರ್ತಿ ಸವೆದಿರಲಿಲ್ಲ. ಬಲಗಡೆ ಲಗ್ಗಿನ ಹಿಂಬದಿ ತಿಕ್ಕಿ ಬೆಳ್ಳಗೆ ಹೊಳೀತಿತ್ತು, ಎಡಗಡೇದು ಕಾರ್ಖಾನೆಯಿಂದ ಬಂದ ಹಾಗೇ ಬೂದಿ. ಒಂದೇ ಹೊರ್ತಾ ಇದೆ, ಇನ್ನೊಂದು ತಾಗ್ತಾನೇ ಇಲ್ಲ, ಇದನ್ನ ವಾಪಸ್ ಕಳಿಸು ಅಂದ್ರು. ಮುಟ್ಟದೆ, ಎರಡು ಅಡಿ ದೂರ ನಿಂತು ಹೇಳಿದ್ದು. ಕಳಿಸಿದೆ, ಕಂಪನಿಯವರು ಬೋಲ್ಟ್ ಬದಲಾಯಿಸಿ ಕೊಟ್ರು, ಆದ್ರೆ ಅದು ವಾಪಸ್ ಬರೋ ಹೊತ್ತಿಗೆ ಚಿಕ್ಕಪ್ಪ ಊರಿಗೆ ಹೋಗಿಯಾಗಿತ್ತು. ಮುಂದಿನ ಸಲ ಬಂದಾಗ ಮೊದಲೇ ಬೇಟೆ ಲೈಸೆನ್ಸ್ ಮಾಡಿಸಿ ರೇಂಜ್‌ಗೆ ಕರ್ಕೊಂಡು ಹೋಗಬೇಕು ಅಂದ್ಕೊಂಡಿದ್ದೆ, ಅವರು ಮತ್ತೆ ಬರಲಿಲ್ಲ, ಊರಲ್ಲೇ ತೀರ್ಕೊಂಡ್ರು. ಜೀವಮಾನ ಪೂರ್ತಿ ರೈಫಲ್ ರಿಪೇರಿ ಮಾಡಿದ ಮನುಷ್ಯ ಒಂದು ಗ್ಯಾರಂಡನ್ನ ಕೈಯಲ್ಲಿ ಹಿಡಿದು ನೋಡಲಿಲ್ಲ ಅನ್ನೋದು ನಂಗೆ ಈಗ್ಲೂ ಸಂಕಟ. ನಿನ್ನ ಮನೆಯಿಂದ ಯಾರಾದ್ರೂ ಅಂಥೋರು ಬರೋ ಹಾಗಿದ್ರೆ ಟಿಕೆಟ್ ಬುಕ್ ಮಾಡೋವಾಗ್ಲೇ ಈ ವಿಷಯನೂ ವಕೀಲರ ಹತ್ರ ಕೇಳ್ಕೊಂಡಿರು.

ಸರಿ, ನೀನು ನೋಡಬೇಕಾಗಿದ್ದು ಹೇಳ್ತೀನಿ. ಅಂಗಡಿಯವನ ಪರ್ಮಿಷನ್ ಕೇಳಿ, ಖಾಲಿ ಇದೆಯಾ ಅಂತ ನೀನೇ ಕಣ್ಣಲ್ಲೂ ಬೆರಳಲ್ಲೂ ನೋಡಿ, ಆಮೇಲೆ ಮುಂದೆ. ಲಗ್ ಸವೆತ ಹೇಳಿದ್ನಲ್ಲ, ಅದು. ಆಮೇಲೆ ಹೆಡ್‌ಸ್ಪೇಸ್. ಗ್ಯಾರಂಡ್‌ಗೆ ಗೋ ಗೇಜ್ 1.940 ಇಂಚು, ಫೀಲ್ಡ್ ಗೇಜ್ 1.950 ಇಂಚು, ಗೋ ಹಾಕಿದ್ರೆ ಬೋಲ್ಟ್ ಮುಚ್ಚಬೇಕು, ಫೀಲ್ಡ್ ಹಾಕಿದ್ರೆ ಮುಚ್ಚಬಾರದು. ಹೊಡೆದ ತೋಟಾದ ಕೋಶ ಎಳೆಯೋ ಎಕ್ಸ್‌ಟ್ರಾಕ್ಟರು, ಅದನ್ನ ಹೊರಗೆ ಎಸೆಯೋ ಎಜೆಕ್ಟರು ತೆಗೆದು ಬೆರಳ ತುದೀಲಿ ಮೆತ್ತಗೆ ಮುಚ್ಚಬೇಕು, ಜೋರು ಮಾಡಿದ್ರೆ ಗೇಜೂ ಹಾಳು, ಲೆಕ್ಕನೂ ತಪ್ಪು. ಹೊಸದು, ಕಾರ್ಖಾನೆಯಲ್ಲೇ ನೋಡಿರ್ತಾರೆ ಅಂತ ಇದನ್ನ ಬಿಡಬೇಡ.

ಗ್ಯಾರಂಡ್‌ಗೆ ಇನ್ನೊಂದು ಪರೀಕ್ಷೆ ಇದೆ, ದುಡ್ಡು ಖರ್ಚಿಲ್ಲ. ಹೊಡೆದಾಗ ಬರೋ ಗ್ಯಾಸಿನ ಒತ್ತಡಕ್ಕೆ ಬೋಲ್ಟನ್ನ ಹಿಂದಕ್ಕೆ ಒಯ್ಯೋ ಆಪರೇಟಿಂಗ್ ರಾಡಿನ ಸ್ಪ್ರಿಂಗ್ ತೆಗೆದು, ರಾಡು ಬೋಲ್ಟು ಮಾತ್ರ ಹಾಕಿ, ರೈಫಲ್ಲನ್ನ ಮೂತಿ ಮೇಲೆ ಮೂತಿ ಕೆಳಗೆ ಓರೆ ಮಾಡ್ತಾ ಹೋಗು. ರಾಡು ತನ್ನ ಭಾರಕ್ಕೇ ಜಾರಿ ಹೋಗಬೇಕು, ಮಧ್ಯದಲ್ಲಿ ತಡವರಿಸಿದ್ರೆ, ಕರ್ ಅಂದ್ರೆ, ಎಲ್ಲೋ ತಾಗ್ತಿದೆ ಅಂತ. ಮೊದಲು ಮರದ ಸ್ಟಾಕ್ ಇಲ್ಲದೆ ಮಾಡು, ಆಮೇಲೆ ಸ್ಟಾಕ್ ಹಾಕಿ ಮಾಡು, ಬರೀ ಸ್ಟಾಕ್ ಹಾಕಿದಾಗ ತಡವರಿಸಿದ್ರೆ ತೊಂದರೆ ಮರದ್ದು, ಅದನ್ನ ಸರಿ ಮಾಡ್ಕೋಬಹುದು. ಟ್ರಿಗರ್ ಗಾರ್ಡ್ ಮುಚ್ಚೋವಾಗ ಕೊನೇಲಿ ಬಿಗಿ ಸಿಗಬೇಕು, ಸಲೀಸಾಗಿ ಟಪ್ ಅಂತ ಮುಚ್ಚಿದ್ರೆ ಸ್ಟಾಕು ಸಡಿಲ, ಗುರಿ ನಿಲ್ಲಲ್ಲ. ವಾಲ್ನಟ್ ಮರದ ಬಣ್ಣಕ್ಕೆ ಮರುಳಾಗೋರೇ ಜಾಸ್ತಿ, ನಾನಂತೂ ಬಣ್ಣ ಆಮೇಲೆ ನೋಡ್ತೀನಿ. ಸೈಟು ಸೆಟ್ ಮಾಡಿದ ಮೇಲೆ ಅಲ್ಲಾಡಬಾರದು, ಗ್ಯಾಸ್ ಸಿಲಿಂಡರ್ ನಳಿಗೆ ಮೇಲೆ ಲೊಡಲೊಡ ಅನ್ನಬಾರದು. ಸಣ್ಣ ಪಾರ್ಟುಗಳು ಅಚ್ಚಿನಲ್ಲಿ ಲೋಹದ ಪುಡಿ ಒತ್ತಿ ಮಾಡಿದ, ಎಂಐಎಂ ಅನ್ನೋ ಥರದ್ದು ಇದ್ರೆ ಅಷ್ಟಕ್ಕೇ ಬೇಡ ಅನ್ನಬೇಡ, ಆದ್ರೆ ಎಕ್ಸ್‌ಟ್ರಾಕ್ಟರು, ಹ್ಯಾಮರು ಮಾತ್ರ ಹಳೇ ಸೇನೆಯದ್ದು ಸಿಕ್ಕಿದ್ರೆ ಒಂದು ತಗೊಂಡಿಟ್ಕೋ.

ಮದ್ದುಗುಂಡು ವಿಷಯ ನೀನು ಕೇಳಿಲ್ಲ, ಆದ್ರೂ ಹೇಳ್ತೀನಿ. ಗ್ಯಾರಂಡಿನ ತೋಟಾ ಸೈಜು .30-06, ಡಬ್ಬಿ ಮೇಲೆ ಅದೇ ಬರೆದಿದೆ ಅಂತ ಬೇಟೆಯ ಭಾರೀ ಗುಂಡುಗಳನ್ನ ಗ್ಯಾರಂಡ್‌ಗೆ ತುಂಬಬೇಡ, ಅದರ ಗ್ಯಾಸ್ ಲೆಕ್ಕ ಸೇನೆಯ ಎಂ2 ಬಾಲ್ ತೋಟಾಕ್ಕೆ ಮಾಡಿದ್ದು, ಒತ್ತಡ ಜಾಸ್ತಿ ಆದ್ರೆ ರಾಡು ಬಗ್ಗುತ್ತೆ. ಹೊಸ ರೈಫಲ್‌ಗೂ ಇದೇ ಮಾತು. ಗ್ಯಾರಂಡ್‌ಗೆ ಅಂತಲೇ ಮಾಡಿದ್ದು ಸಿಗುತ್ತೆ, ಅದನ್ನೇ ತಗೋ.

ಹೊಸದಾ ಹಳೇದಾ ಅಂದ್ರೆ, ಹೊಡೆಯೋಕೆ ಆದ್ರೆ ಈ ಪರೀಕ್ಷೆಯಲ್ಲೆಲ್ಲ ಪಾಸಾದ ಹೊಸದು ಸಾಕು. ನಂಗೆ ಹಳೇದೇ ಇಷ್ಟ. ಒಬ್ಬ ಸೈನಿಕ ಹೊತ್ತ ರೈಫಲ್ಲು ಅನ್ನೋ ಗೌರವ ನಂಗೆ ಚಿಕ್ಕಪ್ಪನಿಂದ ಬಂದಿದ್ದು. ಹಳೇದು ನಂಬಿಕೆಯಿಂದ ಸಿಗೋ ಜಾಗ ಸಿಎಂಪಿ, ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ, ಗೇಜ್ ಹಾಕಿ ನೋಡಿ ಗ್ರೇಡ್ ಮಾಡಿ ಮಾರ್ತಾರೆ, ಈಗ ಹೊಸ ರಿಸೀವರಿನ ಗ್ಯಾರಂಡನ್ನೂ ಮಾರೋಕೆ ಶುರು ಮಾಡಿದಾರೆ. ಆದ್ರೆ ಅವರ ಹತ್ರ ತಗೊಳ್ಳೋಕೆ ಅಮೆರಿಕದ ಸಿಟಿಜನ್ ಆಗಿರಬೇಕು, ಗ್ರೀನ್ ಕಾರ್ಡೂ ಸಾಲದು. ನಿಂಗೆ ಈಗ ಆಗಲ್ಲ. ನೋಡೋಕೆ ಏನೂ ಅಡ್ಡಿ ಇಲ್ಲ, ಅವರ ಅಂಗಡಿ ನಮ್ಮ ಒಹಾಯೋದಲ್ಲೇ, ಈರಿ ಸರೋವರದ ದಡದ ಕ್ಯಾಂಪ್ ಪೆರಿಯಲ್ಲಿದೆ, 1907ರಿಂದ ನ್ಯಾಷನಲ್ ಮ್ಯಾಚ್ ನಡೆಯೋ ಜಾಗ. ಬೇಸಿಗೆಯಲ್ಲಿ ಗ್ಯಾರಂಡ್ ಮ್ಯಾಚ್ ಇರುತ್ತೆ, ಎಂಬತ್ತು ದಾಟಿದ ಅಜ್ಜಂದಿರು ನೆಲದ ಮೇಲೆ ಹೊಟ್ಟೆ ಊರಿ ಮಲಗಿ ಹೊಡೆಯೋದು ನೋಡಬಹುದು, ಅವರ ಹತ್ರ ನಿಂತು ಕೇಳಿದ್ರೆ ಹೊಸದು ಹಳೇದು ಎರಡರ ಬಗ್ಗೆನೂ ಬಾಯ್ತುಂಬ ಹೇಳ್ತಾರೆ.

ಊರಿಗೆ ಒಯ್ಯೋ ಯೋಚನೆ ಬಿಟ್ಟುಬಿಡು, ಅದು ಆಗೋ ಮಾತಲ್ಲ. ಅದಕ್ಕಿಂತ ಮುಖ್ಯ, ಲೈಸೆನ್ಸ್ ಆಗಿ ರೇಂಜ್‌ಗೆ ಹೋಗೋಕೆ ಶುರು ಮಾಡಿದ ಮೇಲೆ ಅದಕ್ಕೆ ಅಂತಲೇ ಒಂದು ಬೇರೆ ಬ್ಯಾಗ್ ಇಟ್ಕೋ, ಅದೇ ಬ್ಯಾಗಲ್ಲಿ ಊರಿಗೆ ಹೊರಡಬೇಡ. ಜೇಬಿನ ಮೂಲೇಲಿ ಮರೆತ ಒಂದೇ ಒಂದು ತೋಟಾ ಬೆಂಗಳೂರು ಏರ್‌ಪೋರ್ಟಲ್ಲಿ ಸಿಕ್ಕಿದ್ರೂ ಆರ್ಮ್ಸ್ ಆಕ್ಟ್ ಕೇಸು, ಅಮ್ಮ ಹೊರಗೆ ಕಾಯ್ತಿರ್ತಾರೆ, ನೀನು ಒಳಗೆ ಸ್ಟೇಟ್‌ಮೆಂಟ್ ಬರೆದುಕೊಡ್ತಿರ್ತೀಯ. ಹಂಟರ್ ಎಜುಕೇಶನ್ ಮುಗಿಸಿ ವಕೀಲರ ಮಾತು ಕೇಳಿದ ಮೇಲೆ ನಂಗೆ ಮೆಸೇಜ್ ಹಾಕು. ಗೇಜುಗಳು ನನ್ನ ಹತ್ರ ಇದಾವೆ, ಅಂಗಡಿಗೆ ಜೊತೆಗೇ ಬರ್ತೀನಿ.