ಬಾತ್‌ರೂಮ್ ಲೈಟ್ ಲೈನಿಂದಲೇ ಗೀಸರ್ ಸಾಕೆಟ್‌ಗೆ ಎಳೆಯಬಹುದಾ?

ಬೇಡ ಸರ್, ಒಪ್ಕೋಬೇಡಿ. ನೀವು ಕೇಳಿರೋದು ಇಷ್ಟು: ಹಳೇ ಮನೆ, ಬಾತ್‌ರೂಮಲ್ಲಿ ಒಂದು ಲೈಟ್ ಬಿಟ್ರೆ ಬೇರೆ ಪಾಯಿಂಟ್ ಇಲ್ಲ, 3 ಕಿಲೋವ್ಯಾಟ್ ಇನ್‌ಸ್ಟಂಟ್ ಗೀಸರ್ ತಂದಿಟ್ಟಿದ್ದೀರ, ಎಲೆಕ್ಟ್ರಿಷಿಯನ್ ಬಂದು ಗೋಡೆ ಒಡೆಯೋದೆಲ್ಲ ಯಾಕೆ, ಲೈಟ್ ಪಾಯಿಂಟಿಂದಲೇ ಲೂಪ್ ಮಾಡಿ ಸಾಕೆಟ್ ಕೂರಿಸ್ತೀನಿ ಅಂತಿದಾರೆ. ನಾನು ಮನೆ ವೈರಿಂಗ್ ಕೆಲಸ ಮಾಡೋನು, ಬೇರೆ ಎಲ್ಲಾದ್ರೂ ದುಡ್ಡು ಉಳಿಸಿ, ಇಲ್ಲಿ ಮಾತ್ರ ಬೇಡ.

ಮೊದಲು ಲೆಕ್ಕ ನೋಡಿ. 3000 ವ್ಯಾಟನ್ನ 230 ವೋಲ್ಟಿಂದ ಭಾಗಿಸಿದ್ರೆ 13 ಆಂಪ್ಸ್ ಬರುತ್ತೆ. ಲೈಟ್ ಲೈನಿಗೆ ಸಾಮಾನ್ಯವಾಗಿ ಎಳೆದಿರೋದು 1 ಅಥವಾ 1.5 ಸ್ಕ್ವೇರ್ ಎಂಎಂ ವೈರು, ಹಿಂದೆ 6 ಇಲ್ಲಾ 10 ಆಂಪ್ಸ್ ಎಂಸಿಬಿ (ಕರೆಂಟ್ ಮಿತಿ ಮೀರಿದ್ರೆ ತಾನಾಗೇ ಬಿದ್ದು ಲೈನ್ ಕಟ್ ಮಾಡೋ ಸ್ವಿಚ್). ಗೀಸರ್ ಹಾಕಿದ ಸ್ವಲ್ಪ ಹೊತ್ತಿಗೆ ಆ ಎಂಸಿಬಿ ಬೀಳಬಹುದು, ಆಮೇಲೆ ಯಾರೋ ಬಂದು "ಎಂಸಿಬಿ ವೀಕ್ ಆಗಿದೆ" ಅಂತ ಅದನ್ನ ತೆಗೆದು 20 ಆಂಪ್ಸ್‌ದು ಹಾಕಿ ಹೋಗ್ತಾರೆ, ನಿಜವಾದ ಅಪಾಯ ಶುರುವಾಗೋದು ಅಲ್ಲಿಂದ, ಯಾಕಂದ್ರೆ ಎಂಸಿಬಿ ಇರೋದೇ ವೈರನ್ನ ಕಾಪಾಡೋಕೆ. ಈಗ ಅದು ಬೀಳಲ್ಲ, ಗೋಡೆ ಒಳಗೆ ವೈರ್ ಬಿಸಿಯಾಗ್ತಾ ಇರುತ್ತೆ, ಜಾಯಿಂಟ್ ಇರೋ ಕಡೆ ಇನ್ಸುಲೇಷನ್ ಮೆತ್ತಗಾಗಿ ಕರಗುತ್ತೆ, ಹೊರಗೆ ನಿಂತವರಿಗೆ ಏನೂ ಕಾಣಲ್ಲ.

ಸರಿಯಾದ ಕೆಲಸ ಅಂದ್ರೆ ಡಿಬಿ ಬಾಕ್ಸಿಂದ (ಮನೆಯ ಎಂಸಿಬಿಗಳೆಲ್ಲ ಇರೋ ಪೆಟ್ಟಿಗೆ) ಗೀಸರ್‌ಗೇ ಅಂತ ಬೇರೆ ಲೈನು, 4 ಸ್ಕ್ವೇರ್ ಎಂಎಂ ತಾಮ್ರದ ವೈರು (2 ಕಿಲೋವ್ಯಾಟ್ ಆಗಿದ್ರೆ 2.5 ಸಾಕಿತ್ತು), ಮಧ್ಯೆ ಎಲ್ಲೂ ಜಾಯಿಂಟ್ ಇಲ್ದೆ, ಜೊತೆಗೆ ಲೀಕ್ ಆದ ಕರೆಂಟನ್ನ ನೆಲಕ್ಕೆ ಒಯ್ಯೋ ಹಸಿರು ಅರ್ಥ್ ವೈರು, ಡಿಬಿಲಿ 16 ಆಂಪ್ಸ್ ಎಂಸಿಬಿ, ಕೊನೇಲಿ ಐಎಸ್‌ಐ ಮಾರ್ಕ್ ಇರೋ 16 ಆಂಪ್ಸ್ ಸಾಕೆಟ್. ಗೋಡೆ ಒಡೆಯೋದು ಬೇಡ ಅನ್ಸಿದ್ರೆ ಮೇಲಿಂದಲೇ ಪಿವಿಸಿ ಪೈಪ್ ಹಾಕಿ ತರಬಹುದು, ನೋಡೋಕೆ ಅಷ್ಟು ಚೆನ್ನಾಗಿರಲ್ಲ, ಅಷ್ಟೇ. ಸ್ವಿಚ್ ಬಾತ್‌ರೂಮ್ ಹೊರಗೆ, ಬಾಗಿಲ ಪಕ್ಕ ಇರಲಿ, ಅದೂ ಇಂಡಿಕೇಟರ್ ಇರೋ 20 ಆಂಪ್ಸ್ ಡಿಪಿ ಸ್ವಿಚ್. ಅದು ಫೇಸು (ಕರೆಂಟ್ ತರೋ ವೈರು), ನ್ಯೂಟ್ರಲ್ (ವಾಪಸ್ ಒಯ್ಯೋ ವೈರು) ಎರಡನ್ನೂ ಕಟ್ ಮಾಡುತ್ತೆ, ಒದ್ದೆ ಕೈಲಿ ಸ್ವಿಚ್ ಮುಟ್ಟೋ ಪ್ರಮೇಯವೂ ಬರಲ್ಲ. ಸಾಕೆಟ್ ಜಾಗದ ಬಗ್ಗೆ ಹೇಳೋದಾದ್ರೆ, ಶವರ್ ಜಾಗದಲ್ಲಿ ಮತ್ತೆ ಅದರ ಸುತ್ತ 60 ಸೆಂಟಿಮೀಟರ್ ಒಳಗೆ 2.25 ಮೀಟರ್ ಎತ್ತರದ ತನಕ ಸಾಕೆಟ್ ಇರಬಾರದು. ನಮ್ಮ ಕಡೆ ಬಾತ್‌ರೂಮ್‌ಗಳೇ ಚಿಕ್ಕವು, ಹಾಗಾಗಿ ಶವರಿಂದ ಆದಷ್ಟು ದೂರದ ಗೋಡೇಲಿ, ಆ ಎತ್ತರಕ್ಕಿಂತ ಮೇಲೆ, ಗೀಸರ್ ಪಕ್ಕಕ್ಕೆ ಹಾಕಿಸಿ. ಗೀಸರ್ ಕೆಳಗೆ ಮಾತ್ರ ಬೇಡ, ಪೈಪ್ ಜಾಯಿಂಟ್ ಒಂದಿನ ಸೋರೇ ಸೋರುತ್ತೆ.

ಇದೆಲ್ಲಕ್ಕಿಂತ ಮುಖ್ಯ ಅರ್ಥಿಂಗು ಮತ್ತೆ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಲೀಕ್ ಆದ್ರೆ ಲೈನ್ ಕಟ್ ಮಾಡೋ ಸ್ವಿಚ್. ಎಂಸಿಬಿ ಇದೆಯಲ್ಲ ಅಂತ ತುಂಬಾ ಜನ ಧೈರ್ಯವಾಗಿರ್ತಾರೆ, ಆದ್ರೆ 16 ಆಂಪ್ಸ್ ಎಂಸಿಬಿ ಮನುಷ್ಯನನ್ನ ಉಳಿಸಲ್ಲ, ಒದ್ದೆ ಮೈಲಿ 1 ಆಂಪಿನ ಹತ್ತನೇ ಒಂದು ಭಾಗ ಹರಿದ್ರೂ ಜೀವ ಹೋಗಬಹುದು, ಅಷ್ಟು ಕಮ್ಮಿ ಕರೆಂಟು ಎಂಸಿಬಿಗೆ ಗೊತ್ತೇ ಆಗಲ್ಲ. 30 ಮಿಲಿಆಂಪ್ಸ್ ಆರ್‌ಸಿಸಿಬಿ ಆದ್ರೆ ಫೇಸಲ್ಲಿ ಹೋದ ಕರೆಂಟ್ ನ್ಯೂಟ್ರಲ್ಲಲ್ಲಿ ಪೂರ್ತಿ ವಾಪಸ್ ಬಂತಾ ಅಂತ ನೋಡ್ತಾ ಇರುತ್ತೆ, ವ್ಯತ್ಯಾಸ ಬಂದ್ರೆ ಕ್ಷಣದೊಳಗೆ ಲೈನ್ ಕಟ್. ಗೀಸರ್ ಕಾಯಿಲ್ ಹಾಳಾಗಿ ನೀರಿಗೆ ಲೀಕ್ ಆಗೋದು ಸಾಮಾನ್ಯ, ಆಗ ಅರ್ಥಿಂಗ್ ಸರಿ ಇದ್ರೆ ನೀವು ನಲ್ಲಿ ಮುಟ್ಟೋಕೆ ಮುಂಚೆನೇ ಆರ್‌ಸಿಸಿಬಿ ಬೀಳುತ್ತೆ, ಅರ್ಥಿಂಗ್ ಇಲ್ದಿದ್ರೆ ನಿಮಗೆ ಶಾಕ್ ಹೊಡೆದ ಮೇಲೆ ಬೀಳುತ್ತೆ. ಅದಕ್ಕೇ ಎರಡೂ ಬೇಕು ಅನ್ನೋದು.

ಹಳೇ ಮನೆಗಳಲ್ಲಿ ಸಾಕೆಟ್‌ಗೆ ಮೂರು ತೂತು ಇರುತ್ತೆ, ಮೇಲಿನ ದೊಡ್ಡ ತೂತಿಗೆ ಹಿಂದೆ ವೈರೇ ಇರಲ್ಲ. ಇನ್ನೂ ಕೆಟ್ಟದ್ದು, ಅರ್ಥ್ ಸಿಗ್ಲಿಲ್ಲ ಅಂತ ಸಾಕೆಟ್ ಒಳಗೇ ನ್ಯೂಟ್ರಲ್‌ಗೆ ಒಂದು ತುಂಡು ವೈರ್ ಹಾಕಿ ಅರ್ಥ್ ಅಂತ ಕೊಟ್ಟಿರೋದು. ಆ ನ್ಯೂಟ್ರಲ್ ಎಲ್ಲಾದ್ರೂ ಬಿಟ್ಟುಹೋದ್ರೆ ಲೋಹದ ಭಾಗಕ್ಕೆಲ್ಲ 230 ವೋಲ್ಟ್ ಬಂದು ಕೂರುತ್ತೆ, ದಯವಿಟ್ಟು ಇದನ್ನ ಮಾಡೋಕೆ ಬಿಡ್ಬೇಡಿ. ಮೊದಲು ಡಿಬಿಲಿ ಅರ್ಥ್ ವೈರ್ ಇದ್ಯಾ, ಅದು ನಿಜವಾಗಿ ಅರ್ಥ್ ಪಿಟ್ (ಅರ್ಥಿಂಗ್‌ಗೆ ಅಂತ ನೆಲದಲ್ಲಿ ಮಾಡಿರೋ ಗುಂಡಿ) ತನಕ ಹೋಗಿದ್ಯಾ ನೋಡಿಸಿ. ಫೇಸ್-ಅರ್ಥ್ ನಡುವೆ ಬಲ್ಬ್ ಹಿಡಿದು ನೋಡೋದು ಒಂದು ಮಟ್ಟಕ್ಕೆ ಓಕೆ (ಆರ್‌ಸಿಸಿಬಿ ಇದ್ರೆ ಹಾಗೆ ಹಿಡಿದ ತಕ್ಷಣ ಬೀಳ್ಬೇಕು), ಆದ್ರೆ ಸರಿಯಾಗಿ ಗೊತ್ತಾಗೋದು ಅರ್ಥ್ ಟೆಸ್ಟರ್ ಇಟ್ಟು ಅಳೆದಾಗಲೇ. ಪಿಟ್ ಬೇಸಿಗೇಲಿ ಒಣಗುತ್ತೆ, ಆಗಾಗ ನೀರು ಹಾಕ್ತಿರಿ.

ಗೀಸರ್ ಲೈನಿನ ನ್ಯೂಟ್ರಲ್‌ನೂ ಡಿಬಿಯಿಂದಲೇ ಬೇರೆ ತರಬೇಕು. ಲೈಟಿನ ನ್ಯೂಟ್ರಲ್ ಜೊತೆ ಸೇರಿಸಿದ್ರೆ ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳಬಹುದು, ಆಮೇಲೆ ಅದರದ್ದೇ ತಪ್ಪು ಅಂತ ಕಿತ್ತು ಹಾಕ್ತಾರೆ.

ನೀವೇ ಮಾಡ್ಕೋಬಹುದಾ ಅಂತಲೂ ಕೇಳಿದ್ದೀರ. ಹಾಳಾದ ಸ್ವಿಚ್ ಬದಲಾಯಿಸೋದು ಬೇರೆ, ಹೊಸ ಲೈನ್ ಎಳೆಯೋದು ಬೇರೆ, ಎರಡನೇದಕ್ಕೆ ಕಾನೂನು ಪ್ರಕಾರವೇ ಲೈಸೆನ್ಸ್ ಇರೋ ಕಂಟ್ರಾಕ್ಟರ್ ಬೇಕು, ನಮ್ಮ ರಾಜ್ಯದಲ್ಲಿ ಆ ಲೈಸೆನ್ಸು, ವೈರ್‌ಮನ್ ಪರ್ಮಿಟ್ಟು ಕೊಡೋದು ವಿದ್ಯುತ್ ಪರಿವೀಕ್ಷಣಾಲಯ. ಪರ್ಮಿಟ್ ತೋರಿಸಿ ಅಂತ ಕೇಳೋಕೆ ಸಂಕೋಚ ಬೇಡ, ಕೆಲಸ ಗೊತ್ತಿರೋರು ಬೇಜಾರು ಮಾಡ್ಕೊಳಲ್ಲ. ಕೆಲಸ ಮುಗಿದ ಮೇಲೆ ಅವರ ಎದುರಿಗೇ ಆರ್‌ಸಿಸಿಬಿ ಟೆಸ್ಟ್ ಬಟನ್ ಒತ್ತಿ ನೋಡಿ, ಬಿದ್ದರೆ ಮಾತ್ರ ಉಳಿದ ದುಡ್ಡು ಕೊಡಿ, ಆಮೇಲೆ ತಿಂಗಳಿಗೊಂದ್ಸಲ ನೀವೇ ಒತ್ತಿ ನೋಡ್ತಿರಿ.