22 ನಿಮಿಷದ ದಾರಿಗೆ ಟಿಕೆಟ್‌ನಲ್ಲಿ ಒಂದು ಗಂಟೆ ಯಾಕೆ?

ಪ್ರಶ್ನೆ: ವಯಸ್ಸಾದ ಅಪ್ಪನನ್ನು ಬೆಂಗಳೂರಿನಿಂದ ಪುತ್ತೂರಿಗೆ ಕರೆದೊಯ್ಯಬೇಕು. ಮಂಗಳೂರಿಗೆ ಆಕಾಶಮಾರ್ಗದಲ್ಲಿ 300 ಕಿ.ಮೀ. ಅಂತೆ. ಗಂಟೆಗೆ 850 ಕಿ.ಮೀ. ಹಾರುವ ವಿಮಾನಕ್ಕೆ 22 ನಿಮಿಷ ಸಾಕಲ್ಲ? ಟಿಕೆಟ್‌ನಲ್ಲಿ 1 ಗಂಟೆ 5 ನಿಮಿಷ ಎಂದಿದೆ. ನಡುವೆ ಎಲ್ಲಾದರೂ ಇಳಿಯುತ್ತದೆಯೇ?
– ಓದುಗರು, ಜಯನಗರ

ಉತ್ತರ: ಎಲ್ಲೂ ಇಳಿಯುವುದಿಲ್ಲ. ನಿಮ್ಮ ಭಾಗಾಕಾರವೂ ತಪ್ಪಿಲ್ಲ. ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಯಿಂದ ಮಂಗಳೂರಿನ ನಿಲ್ದಾಣವಿರುವ ಬಜ್ಪೆಗೆ ನೇರ ಗೆರೆ ಎಳೆದರೆ ಸುಮಾರು 306 ಕಿ.ಮೀ., ಪೈಲಟ್‌ಗಳ ಲೆಕ್ಕದಲ್ಲಿ 165 ನಾಟಿಕಲ್ ಮೈಲಿ. ಆದರೆ ಟಿಕೆಟ್‌ನಲ್ಲಿರುವುದು ಹಾರಾಟದ ಸಮಯವಲ್ಲ, ಬ್ಲಾಕ್ ಟೈಮ್. ನಿಂತ ಜಾಗದಿಂದ ವಿಮಾನ ಕದಲಿದ ಗಳಿಗೆಯಿಂದ ಅತ್ತ ಹೋಗಿ ನಿಂತು ಚಕ್ರಕ್ಕೆ ಅಡ್ಡ ಕೊಡುವವರೆಗೆ ಎಲ್ಲವೂ ಅದರೊಳಗೇ. ದೇವನಹಳ್ಳಿಯಲ್ಲಿ ರನ್‌ವೇವರೆಗೆ ತೆವಳಿ, ಸರದಿಯಲ್ಲಿ ನಿಲ್ಲುವುದಕ್ಕೇ ಕಾಲು ಗಂಟೆ ಹೋಗುವುದುಂಟು. ತಡವಾದರೆ ಇರಲಿ ಎಂದು ಕಂಪನಿಗಳು ಇನ್ನಷ್ಟು ನಿಮಿಷ ಸೇರಿಸಿಕೊಂಡಿರುತ್ತವೆ.

ಗಾಳಿಯಲ್ಲಿರುವುದು 40 ನಿಮಿಷದ ಆಸುಪಾಸು. 850 ಎಂಬುದು ಎತ್ತರಕ್ಕೇರಿ ನೆಟ್ಟಗೆ ಹೋಗುವಾಗಿನ ವೇಗ. ಈ ದಾರಿಯಲ್ಲಿ ಏರಿ ಮುಗಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. 10,000 ಅಡಿಯ ಕೆಳಗಂತೂ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ 460 ಕಿ.ಮೀ. ಚಿಲ್ಲರೆಯ ಮಿತಿ. ಗಂಟೆಗೆ 500 ಕಿ.ಮೀ. ಹಾರುವ ಪಂಖದ (ಪ್ರೊಪೆಲರ್) ಎಟಿಆರ್ ವಿಮಾನ ಕೂಡ ಇಲ್ಲಿ ಜೆಟ್‌ಗಿಂತ ತೀರಾ ಹಿಂದೆ ಬೀಳದಿರುವುದು ಅದಕ್ಕೇ.

ಇನ್ನು ಗಾಳಿಯ ಆಟ. ದೇವನಹಳ್ಳಿಯ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ವಿಮಾನ ಏರುವುದು ಗಾಳಿಗೆ ಎದುರಾಗಿ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸುತ್ತದಾದ್ದರಿಂದ ನೆಲ ಬಿಡುವಾಗಲೇ ಮೂತಿ ಮಂಗಳೂರಿನ ಕಡೆಗಿರುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿ: ಕೋಲಾರದ ದಿಕ್ಕಿಗೆ ಏರಿ, ಸುತ್ತು ಹಾಕಿ ಹಿಂದಿರುಗಬೇಕು. ಹಾಗಂತ ಮುಂಗಾರಿನಲ್ಲಿ ಬೇಗ ತಲುಪುತ್ತೀರಿ ಎಂದುಕೊಳ್ಳಬೇಡಿ. ಬಜ್ಪೆಯದು ಗುಡ್ಡದ ತಲೆ ಮಟ್ಟಸ ಮಾಡಿದಂಥ 2,450 ಮೀಟರ್ ಟೇಬಲ್‌ಟಾಪ್ ರನ್‌ವೇ. ಜಡಿಮಳೆಗೆ ರನ್‌ವೇ ಕಾಣದಾದರೆ ಮೇಲೆಯೇ ಸುತ್ತಬೇಕು, ಇಲ್ಲವೇ ಬೇರೆ ಊರಿಗೆ ತಿರುಗಬೇಕು. ಬೆಂಗಳೂರಿನಲ್ಲಿ ಉಳಿಸಿದ್ದನ್ನು ಬಜ್ಪೆ ಬಡ್ಡಿ ಸಮೇತ ವಸೂಲಿ ಮಾಡುತ್ತದೆ.

ನಿಮಗೆ ನಿಜವಾಗಿ ಬೇಕಾದ್ದು ಮನೆಯಿಂದ ಮನೆಗೆ ಎಷ್ಟು ಹೊತ್ತು ಎಂಬ ಲೆಕ್ಕ. ಜಯನಗರದಿಂದ ದೇವನಹಳ್ಳಿಗೆ ಒಂದೂವರೆ–ಎರಡು ಗಂಟೆ, ಅಲ್ಲಿ ಕಾಯುವುದು ಒಂದೂವರೆ, ವಿಮಾನ ಒಂದು, ಬ್ಯಾಗ್ ಬರಲು ಅರ್ಧ, ಬಜ್ಪೆಯಿಂದ ಪುತ್ತೂರಿಗೆ ಮತ್ತೆ ಒಂದೂವರೆ. ಆರೂಕಾಲು ಗಂಟೆ ಆಯಿತು! ಬಸ್ಸಿಗೂ ಏಳೆಂಟು ಗಂಟೆಯಷ್ಟೇ, ಅದೂ ಪುತ್ತೂರಿನಲ್ಲೇ ಇಳಿಸುತ್ತದೆ. ಅಪ್ಪನಿಗೆ ಶಿರಾಡಿ ಘಾಟಿಯ ತಿರುವುಗಳು ಆಗುವುದಿಲ್ಲ ಎಂದರೆ ಮಾತ್ರ ವಿಮಾನಕ್ಕೆ ನನ್ನ ಮತ. ಸಂಜೆಯದಕ್ಕಿಂತ ಬೆಳಗಿನದು ಒಳ್ಳೆಯದು. ಒಂದೇ ವಿಮಾನ ದಿನವಿಡೀ ಊರೂರು ಸುತ್ತುವುದರಿಂದ ಸಂಜೆಯಾಗುತ್ತ ತಡ ಬೆಳೆಯುತ್ತಾ ಹೋಗುತ್ತದೆ. ಡಿಸೆಂಬರ್–ಜನವರಿಯಾದರೆ ಮಾತ್ರ ತೀರಾ ಮುಂಜಾನೆಯದು ಬೇಡ, ದೇವನಹಳ್ಳಿಯ ಮಂಜು ಕರಗಿದ ಮೇಲಿನದನ್ನು ಹಿಡಿಯಿರಿ.